ಠಕಾರಾದಿ ಶಬ್ದಗಳು

ಕನ್ನಡ ನಿಘಂಟನ್ನು ತೆರೆದರೆ ಠಕಾರದಿಂದ ಮೊದಲಾಗುವ ಶಬ್ದಗಳು ಬೇಗನೆ ಮುಗಿದುಹೋಗುವುವು. ಅಚ್ಚಗನ್ನಡದಲ್ಲಿ ಮಹಾಪ್ರಾಣವೇ ವಿರಳ. ಸಂಸ್ಕೃತದಲ್ಲಿಯೂ ಪದದ ಆದಿಯಲ್ಲಿ ಈ ಅಕ್ಷರವು ಅಪೂರ್ವ. ಆದರೂ ಹುಬ್ಬಳ್ಳಿ-ಧಾರವಾಡಗಳ ಕಚೇರಿ ಪೇಟೆಗಳಲ್ಲಿ ಇದರ ಬಳಕೆಯು ಹೇರಳವಾಗಿದೆ.

ಇದಕ್ಕೆ ಕಾರಣವುಂಟು. ಧಾರವಾಡವು 1817ರಲ್ಲಿ ಆಂಗ್ಲರ ಕೈಸೇರುವ ಮೊದಲು ಪೇಶ್ವೆಯರ ಆಳಿಕೆಯಲ್ಲಿತ್ತು. ಅನಂತರ 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದಿತು. ಆದಕಾರಣ ಮರಾಠಿಯ ಅನೇಕ ವ್ಯವಹಾರಪದಗಳು ಇಲ್ಲಿ ನೆಲೆಸಿದವು.

ಸಭೆಯು ನಿಶ್ಚಯಿಸಿದ ಮಾತು 'ಠರಾವು'; ಮೈಸೂರಿನ ಕಡೆ ಇದನ್ನೇ ನಿರ್ಣಯವೆನ್ನುವರು. 'ಠಸ್ಸೆ' ಎಂದರೆ ಮುದ್ರೆ. ಠಸ್ಸೆ ಕಾಗದವೆಂದರೆ ಸರಕಾರದ ಮುದ್ರೆಯುಳ್ಳ ಪತ್ರ. 'ಠಾಣೆ'ಯ ಮೂಲ ಸಂಸ್ಕೃತದ ಸ್ಥಾನ. ಪ್ರಾಕೃತದಲ್ಲಿ ಅದು ಠಾಣವಾಯಿತು. ನಿಲ್ಲುವ ಎಡೆಯೆಂಬ ಅರ್ಥವು ಕುಗ್ಗಿ, ಈಗ ಹೆಚ್ಚಾಗಿ ಪೋಲೀಸರ ನೆಲೆಯೆಂಬ ಅರ್ಥವೇ ಬಳಕೆಯಲ್ಲಿದೆ. 'ಠಕ್ಕ'ನೆಂದರೆ ವಂಚಕ. ಇದರ ಬಂಧುವಾದ ಹಿಂದಿಯ 'ಠಗ'ನು ಕಡಲು ದಾಟಿ ಇಂಗ್ಲಿಷಿನಲ್ಲಿ 'ಥಗ್' ಆದನು. ಅಲ್ಲಿ ಅವನು ಮೋಸಗಾರನಲ್ಲ, ಹೊಡೆದು ಬಡಿಯುವ ಪುಂಡ.

ಪರಭಾಷೆಯವೆಂದು ಇವನ್ನು ಹೊರದೂಡಬೇಕೆ? ಬೇಡವೆಂದು ನಾವು ಹೇಳುವೆವು. ಒಕ್ಕಲಿಗನ ಬಾಯಲ್ಲಿ ಸಲೀಸಾಗಿ ಆಡುವ ಮಾತು ಕನ್ನಡವೇ. ಆದರೆ ಅರ್ಥವನ್ನು ಮಾತ್ರ ಖಚಿತವಾಗಿ ತಿಳಿದಿರಬೇಕು. 'ಠೇವಣಿ'ಯೆಂದರೆ ಇರಿಸಿದ ಹಣ. ಒಪ್ಪಿದ ಕಟ್ಟಳೆ ತಪ್ಪದಿದ್ದರೆ ಅದು ಮರಳಿ ಬರತಕ್ಕದ್ದು. 'ಶುಲ್ಕ'ವಾದರೋ ಸಲ್ಲಿಸಿದ ಮೇಲೆ ಸಾಮಾನ್ಯವಾಗಿ ಮರಳದು. ಬಾಡಿಗೆಯ ಕರಾರಿನಲ್ಲಿ ಈ ಎರಡರೊಳಗೆ ಯಾವ ಪದವಿದೆಯೆಂದು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿದವನು ತನ್ನ ಹಣವನ್ನೇ ಕಳೆದುಕೊಳ್ಳಬಹುದು. ಆದುದರಿಂದ ರಸೀತಿಯಲ್ಲಿ 'ಠೇವಣಿ' ಎಂದೇ ಬರೆಯಿಸಿಕೊಳ್ಳುವುದು ಕ್ಷೇಮ.