ಹನ್ನೊಂದು ನಿಮಿಷದ ಆಟ

2003ನೆಯ ಇಸವಿಯ ಕೊನೆಯ ಭಾಗದಲ್ಲಿ ಹನ್ನೊಂದು ನಿಮಿಷಗಳ ಒಂದು ಚಿತ್ರ ಅಂತರ್ಜಾಲದ ಮೂಲಕ ದೇಶದಿಂದ ದೇಶಕ್ಕೆ ಹರಡಿತು. ಅದರಲ್ಲಿ ನಟರಿರಲಿಲ್ಲ, ಕಥೆಯಿರಲಿಲ್ಲ. ಜಪಾನಿನ ನಿಂಟೆಂಡೊ ಸಂಸ್ಥೆ 1988ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್ 3’ ಎಂಬ ವಿಡಿಯೊ ಆಟವನ್ನು ಯಾರೋ ಒಬ್ಬರು ಮೊದಲಿನಿಂದ ಕೊನೆಯವರೆಗೆ ಆಡಿದ್ದರು, ಅಷ್ಟೇ. ಆದರೆ ಆ ಆಟವನ್ನು ಬಲ್ಲವರು ಚಿತ್ರವನ್ನು ಕಂಡು ಬೆರಗಾದರು. ತಾವು ದಿನಗಟ್ಟಲೆ ಹೆಣಗಿ ಮುಗಿಸಿದ್ದ ಆಟದಲ್ಲಿ, ಮಾರಿಯೊ ಎಂಬ ಮೀಸೆಯ ಕೊಳಾಯಿ ಕೆಲಸಗಾರ ಎಲ್ಲಿಯೂ ತಡೆಯದೆ, ಎಡವದೆ, ಕೂದಲೆಳೆಯ ಅಂತರದಲ್ಲಿ ಅಪಾಯಗಳಿಂದ ನುಣುಚಿಕೊಂಡು ಓಡುತ್ತಿದ್ದ. ಕೆಲವು ಘಟ್ಟಗಳಲ್ಲಿ ಪರದೆಯೇ ತನ್ನಷ್ಟಕ್ಕೆ ನಿಧಾನವಾಗಿ ಸರಿಯುತ್ತದೆ. ಅಲ್ಲಿ ಯಾರೂ ಅವಸರಪಡಿಸಲಾಗದು. ಅಂಥ ಕಡೆ ಮಾರಿಯೊ ಸುಮ್ಮನೆ ನಿಲ್ಲದೆ, ಶತ್ರುಗಳ ಮೇಲೆಯೂ ಹಾರಿಬರುವ ಗುಂಡುಗಳ ಮೇಲೆಯೂ ನೆಲ ಮುಟ್ಟದಂತೆ ಕುಣಿಯುತ್ತ ತನ್ನ ಪ್ರಾಣಗಳ ಸಂಖ್ಯೆಯನ್ನು 99ಕ್ಕೆ ಏರಿಸಿಕೊಂಡಿದ್ದ.

ಚಿತ್ರವನ್ನು ರಚಿಸಿದವರು ಮೊರಿಮೊಟೊ ಎಂಬ ಹೆಸರಿನ ಜಪಾನಿ ಆಟಗಾರರು. ನೋಡಿದ ಅನೇಕರು ಅವರನ್ನು ಅಮಾನುಷ ಚುರುಕಿನ ಕೈಯುಳ್ಳವರೆಂದೇ ನಂಬಿದರು. ಸ್ವಲ್ಪ ಕಾಲದಲ್ಲಿಯೇ ನಿಜ ತಿಳಿಯಿತು. ಆ ಆಟ ಒಂದೇ ಉಸಿರಿನಲ್ಲಿ ಆಡಿದ್ದಾಗಿರಲಿಲ್ಲ. ಕಂಪ್ಯೂಟರಿನ ನೆರವಿನಿಂದ ಕಾಲವನ್ನು ನಿಧಾನಗೊಳಿಸಿ, ತಪ್ಪಿದಾಗಲೆಲ್ಲ ಹಿಂದಕ್ಕೆ ಸರಿದು, ಮತ್ತೆ ಆಡಿ, ಸುಮಾರು 40,000 ಬಾರಿ ತಿದ್ದಿ ಕಟ್ಟಿದ್ದಾಗಿತ್ತು. ಹೊಗಳಿದ್ದವರಲ್ಲಿ ಹಲವರು ಒಮ್ಮೆಲೇ ಸಿಟ್ಟಿಗೆದ್ದರು. ‘ಇದು ಮೋಸ’ ಎಂದರು.

ಅದು ಮೋಸವೇ? ಚಿತ್ರ ಕೈಯಿಂದ ಕೈಗೆ ಸಾಗುವಾಗ ಅದನ್ನು ರಚಿಸಿದ ಬಗೆಯ ವಿವರಣೆ ಅದರೊಡನೆ ಸಾಗಲಿಲ್ಲ. ಕುಂಚದಿಂದ ಬಿಡಿಸಿದ ಚಿತ್ರವನ್ನು ಛಾಯಾಚಿತ್ರವೆಂದು ತಿಳಿದು ಮೆಚ್ಚಿದವನಿಗೆ ನಿಜ ಗೊತ್ತಾದಾಗ ಆಗುವಂಥ ನಿರಾಶೆ ಅವರಿಗೂ ಆಯಿತು. ಆದರೆ ಚಿತ್ರಕಾರನ ಕುಶಲತೆ ಅದರಿಂದ ಇಲ್ಲವಾಗುವುದಿಲ್ಲವಷ್ಟೆ. ಪ್ರಶ್ನೆ ಇಷ್ಟೇ: ಹೇಳಿ ಮಾಡಿದ್ದೋ, ಹೇಳದೆ ಮಾಡಿದ್ದೋ? ಮುಂದೆ ಈ ಕಲೆಯಲ್ಲಿ ಹುಟ್ಟಿಕೊಂಡ ನಿಯಮಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಯಿಂದಲೇ ಹುಟ್ಟಿದಂಥವು.

ಆಟವನ್ನು ಆದಷ್ಟು ಕಡಿಮೆ ಹೊತ್ತಿನಲ್ಲಿ ಮುಗಿಸುವುದಕ್ಕೆ ‘ಸ್ಪೀಡ್‌ರನ್’ ಎಂದು ಹೆಸರು. ಅದನ್ನು ಉಪಕರಣಗಳ ನೆರವಿನಿಂದ ಕಟ್ಟಿದರೆ ‘ಟೂಲ್ ಅಸಿಸ್ಟೆಡ್ ಸ್ಪೀಡ್‌ರನ್’, ಸಂಕ್ಷೇಪವಾಗಿ ‘ಟಾಸ್’. ಇದರ ಆರಂಭ ಮೊರಿಮೊಟೊ ಅವರಿಗಿಂತ ಹಿಂದಿನದು. 1993ರಲ್ಲಿ ಹೊರಬಂದ ಅಮೆರಿಕದ ‘ಡೂಮ್’ ಎಂಬ ಆಟಕ್ಕೆ, ಆಟಗಾರ ಒತ್ತಿದ ಗುಂಡಿಗಳನ್ನೇ ದಾಖಲಿಸಿಟ್ಟು ಮತ್ತೆ ತೋರಿಸುವ ಅನುಕೂಲವಿತ್ತು. 1997ರಲ್ಲಿ ಅದರ ಮೂಲ ಕ್ರಮವಿಧಿ ಬಹಿರಂಗವಾಯಿತು. 1999ರಲ್ಲಿ ಆಂಡಿ ಕೆಂಪ್ಲಿಂಗ್ ಎಂಬವರು ಅದನ್ನು ಮಾರ್ಪಡಿಸಿ, ಆಟವನ್ನು ನಿಧಾನಗತಿಯಲ್ಲಿ ಆಡಿ ದಾಖಲಿಸುವಂತೆ ಮಾಡಿದರು. ಹಳೆಯ ನಿಂಟೆಂಡೊ ಆಟಗಳಿಗೆ ಈ ವಿದ್ಯೆ ಬಂದದ್ದು ‘ಎಮ್ಯುಲೇಟರ್’ ಮೂಲಕ. ಒಂದು ಯಂತ್ರದ ನಡೆನುಡಿಗಳನ್ನೆಲ್ಲ ಮತ್ತೊಂದು ಯಂತ್ರದಲ್ಲಿ ಯಥಾವತ್ತಾಗಿ ಅನುಕರಿಸುವ ಕ್ರಮವಿಧಿಗೆ ಎಮ್ಯುಲೇಟರ್ ಎನ್ನುತ್ತಾರೆ.

ಕೆಲಸ ನಡೆಯುವ ಬಗೆಯನ್ನು ಈಗ ನೋಡೋಣ. ಸಿನಿಮಾ ಚಲಿಸುವಂತೆ ತೋರಿದರೂ ಅದು ಸ್ಥಿರಚಿತ್ರಗಳ ಸಾಲೆಂಬುದನ್ನು ನಾವು ಬಲ್ಲೆವು. ವಿಡಿಯೊ ಆಟವೂ ಹಾಗೆಯೇ. ನಿಂಟೆಂಡೊ ಯಂತ್ರ ಸೆಕೆಂಡಿಗೆ ಸುಮಾರು 60 ಚಿತ್ರಗಳನ್ನು ಪರದೆಯ ಮೇಲೆ ಮೂಡಿಸುತ್ತದೆ. ಒಂದೊಂದಕ್ಕೂ ‘ಫ್ರೇಮ್’ ಎಂದು ಹೆಸರು. ಪ್ರತಿ ಫ್ರೇಮಿನಲ್ಲಿಯೂ ಯಂತ್ರ ಸಾಮಾನ್ಯವಾಗಿ ಒಂದು ಸಲ ಆಟಗಾರನ ಕೈಯಲ್ಲಿರುವ ನಿಯಂತ್ರಕವನ್ನು ವಿಚಾರಿಸಿ, ಯಾವ ಗುಂಡಿ ಒತ್ತಿದೆ, ಯಾವುದು ಒತ್ತಿಲ್ಲ ಎಂದು ತಿಳಿದುಕೊಳ್ಳುತ್ತದೆ. ಎಮ್ಯುಲೇಟರಿನಲ್ಲಿ ಆಟವನ್ನು ಒಂದೊಂದು ಫ್ರೇಮಿಗೂ ನಿಲ್ಲಿಸಬಹುದು. ನಿಂತ ಸ್ಥಿತಿಯನ್ನು ಹಾಗೆಯೇ ಉಳಿಸಿಟ್ಟು, ಮುಂದೆ ಆಡಿ ನೋಡಿ, ಹಿಡಿಸದಿದ್ದರೆ ಮತ್ತೆ ಅದೇ ಸ್ಥಿತಿಗೆ ಮರಳಬಹುದು. ಯಂತ್ರದ ಸ್ಮೃತಿಯಲ್ಲಿ ಅಡಗಿರುವ ಅಂಕಿಗಳನ್ನೂ ಓದಬಹುದು: ಮಾರಿಯೊ ಇರುವ ಸ್ಥಾನ, ಅವನ ವೇಗ, ಶತ್ರುವಿನ ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ಸಂಖ್ಯೆ.

ಹೀಗೆ ಕಟ್ಟಿದ ಕೃತಿ ನಿಜಕ್ಕೂ ಚಿತ್ರವೇ ಅಲ್ಲ. ಯಾವ ಫ್ರೇಮಿನಲ್ಲಿ ಯಾವ ಗುಂಡಿ ಎಂಬುದರ ಪಟ್ಟಿ ಮಾತ್ರ. ಈ ಪಟ್ಟಿಯನ್ನು ಎಮ್ಯುಲೇಟರಿಗೆ ಕೊಟ್ಟರೆ ಆಟ ಪ್ರತಿ ಸಲವೂ ತಪ್ಪದೆ ಅದೇ ರೀತಿ ನಡೆಯುತ್ತದೆ. ಏಕೆಂದರೆ ಯಂತ್ರಕ್ಕೆ ಸ್ವಂತ ಇಚ್ಛೆಯಿಲ್ಲ. ಆಟದಲ್ಲಿ ‘ಅದೃಷ್ಟ’ವೆಂದು ನಾವು ಕರೆಯುವುದೂ ಒಂದು ಲೆಕ್ಕದ ಫಲ. ಅದೇ ಫ್ರೇಮಿಗೆ ಅದೇ ಗುಂಡಿ ಒತ್ತಿದರೆ ಅದೇ ಅದೃಷ್ಟ ದೊರೆಯುತ್ತದೆ. ಆದಕಾರಣ ರಚನಕಾರರು ಕೆಲವೊಮ್ಮೆ ಬೇಕೆಂದೇ ಒಂದೆರಡು ಫ್ರೇಮು ತಡೆದು, ತಮಗೆ ಅನುಕೂಲವಾದ ಅದೃಷ್ಟವನ್ನು ಬರಮಾಡಿಕೊಳ್ಳುತ್ತಾರೆ!

ಯಂತ್ರವೇ ಎಲ್ಲವನ್ನೂ ಮಾಡುವಾಗ ಮನುಷ್ಯನ ಹೆಚ್ಚುಗಾರಿಕೆ ಏನು ಎಂದು ಕೇಳುವವರುಂಟು. ಒಂದು ಸರಳ ಲೆಕ್ಕ ಮಾಡೋಣ. ನಿಂಟೆಂಡೊ ನಿಯಂತ್ರಕದಲ್ಲಿ ದಿಕ್ಕಿನವು ನಾಲ್ಕು, ಉಳಿದವು ನಾಲ್ಕು, ಒಟ್ಟು ಎಂಟು ಗುಂಡಿಗಳು. ಒಂದು ಫ್ರೇಮಿನಲ್ಲಿ ಅವನ್ನು ಒತ್ತುವ, ಬಿಡುವ ವಿಧಗಳು 256. ಎರಡು ಫ್ರೇಮುಗಳಿಗೆ 65,536. ಮೂರಕ್ಕೆ 1,67,77,216. ಐದು ನಿಮಿಷದ ಆಟದಲ್ಲಿ ಫ್ರೇಮುಗಳು ಸುಮಾರು 18,000! ಎಲ್ಲ ದಾರಿಗಳನ್ನೂ ಪರೀಕ್ಷಿಸಿ ನೋಡುವ ಕಂಪ್ಯೂಟರು ಎಂದಿಗೂ ಹುಟ್ಟಲಾರದು. ಯಾವ ದಾರಿಯನ್ನು ಹುಡುಕಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮನುಷ್ಯನೇ ಊಹಿಸಬೇಕು. ಶಿಲ್ಪಿಯ ಉಳಿಗೆ ವಿಗ್ರಹದ ಅರಿವಿರುವುದಿಲ್ಲವಷ್ಟೆ.

ಆಟದ ಒಳಗುಟ್ಟನ್ನು ಅರಿಯದಿದ್ದರೆ ಶ್ರಮವೆಲ್ಲ ವ್ಯರ್ಥವಾಗುವುದೂ ಉಂಟು. ಇದಕ್ಕೆ 1985ರ ‘ಸೂಪರ್ ಮಾರಿಯೊ ಬ್ರದರ್ಸ್’ ಒಳ್ಳೆಯ ನಿದರ್ಶನ. ಅದರಲ್ಲಿ 32 ಘಟ್ಟಗಳಿದ್ದರೂ ಗುಪ್ತದ್ವಾರಗಳ ಮೂಲಕ ಎಂಟನ್ನೇ ಆಡಿ ಕೊನೆ ಮುಟ್ಟಬಹುದು. ಒಂದು ಘಟ್ಟ ಮುಗಿದ ಮೇಲೆ ಮುಂದಿನದಕ್ಕೆ ಸಾಗಬಹುದೇ ಎಂದು ಆಟ ಪ್ರತಿ ಫ್ರೇಮಿಗೂ ಪರೀಕ್ಷಿಸುವುದಿಲ್ಲ. 21 ಫ್ರೇಮುಗಳಿಗೊಮ್ಮೆ ಪರೀಕ್ಷಿಸುತ್ತದೆ. ಹೊಳೆಯ ದಡದಲ್ಲಿರುವ ಅಂಬಿಗ ಗೊತ್ತಾದ ವೇಳೆಗಷ್ಟೇ ಹರಿಗೋಲು ಬಿಡುವವನೆಂದು ಭಾವಿಸಿ. ಓಡೋಡಿ ಬಂದವನೂ ನಡೆದು ಬಂದವನೂ ಒಂದೇ ಹರಿಗೋಲಿನಲ್ಲಿ ದಾಟುತ್ತಾರೆ. ಹಾಗೆ, ಒಂದು ಘಟ್ಟದಲ್ಲಿ ಕಷ್ಟಪಟ್ಟು ಇಪ್ಪತ್ತು ಫ್ರೇಮು ಉಳಿಸಿದರೂ ಹಿಂದಿನ ಹರಿಗೋಲು ಸಿಕ್ಕದಿದ್ದರೆ ಲಾಭ ಶೂನ್ಯ. ಸಿಕ್ಕರೆ ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಉಳಿಯುತ್ತದೆ. ಘಟ್ಟದ ಕೊನೆಯ ಧ್ವಜಸ್ತಂಭದ ಬುಡದಲ್ಲಿ ಮಾರಿಯೊನನ್ನು ಒಂದು ವಿಶಿಷ್ಟ ರೀತಿಯಲ್ಲಿ ತೂರಿಸಿದರೆ ಧ್ವಜ ಇಳಿಯುವವರೆಗೆ ಕಾಯಬೇಕಾಗಿಲ್ಲ ಎಂಬ ಉಪಾಯವೂ ಹೀಗೆ ಹರಿಗೋಲು ಹಿಡಿಯುವ ಯತ್ನದಲ್ಲಿ ಬಳಕೆಗೆ ಬಂದದ್ದು. ಅದು ಮನುಷ್ಯರ ಕೈಗೆ ಎಟುಕದೆಂದು ಬಹುಕಾಲ ಭಾವಿಸಿದ್ದರು. ಇಂದು ಅದು ನುರಿತ ಆಟಗಾರರ ನಿತ್ಯದ ಅಭ್ಯಾಸ. ನೆರವಿಲ್ಲದೆ ಆಡುವವರು 2021ರಲ್ಲಿ ಮೊದಲ ಬಾರಿಗೆ ಈ ಆಟವನ್ನು 4 ನಿಮಿಷ 55 ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದರು. 2023ರಲ್ಲಿ 4 ನಿಮಿಷ 54.631 ಸೆಕೆಂಡಿಗೆ ಬಂದರು. ಅದೇ ಅಳತೆಯಲ್ಲಿ ಉಪಕರಣಗಳಿಂದ ಕಟ್ಟಿದ ಆಟದ ಅವಧಿ 4 ನಿಮಿಷ 54.265 ಸೆಕೆಂಡು. ಆಗ ನಡುವೆ ಇದ್ದ ಅಂತರ ಒಂದು ಹರಿಗೋಲಿಗಿಂತ ತುಸು ಹೆಚ್ಚು!

ಇನ್ನು ನ್ಯಾಯನಿರ್ಣಯದ ಮಾತು. ಮೊರಿಮೊಟೊ ಅವರ ಚಿತ್ರವನ್ನು ಕಂಡವರಲ್ಲಿ ಬಿಸ್ಕ್ವಿಟ್ ಎಂಬ ಹೆಸರಿನಿಂದ ಪರಿಚಿತರಾದ ಫಿನ್ಲೆಂಡಿನ ಕ್ರಮವಿಧಿಕಾರರೊಬ್ಬರಿದ್ದರು. ಅವರು ಸಿಟ್ಟಾಗಲಿಲ್ಲ. 2003ರ ಡಿಸೆಂಬರಿನಲ್ಲಿ ಇಂಥ ಕೃತಿಗಳಿಗಾಗಿಯೇ ಒಂದು ಜಾಲತಾಣವನ್ನು ತೆರೆದು, ಪ್ರತಿಯೊಂದೂ ಉಪಕರಣಗಳ ನೆರವಿನಿಂದ ಆದದ್ದೆಂದು ಸ್ಪಷ್ಟವಾಗಿ ಸಾರಿದರು. ಅದೇ ಮುಂದೆ ‘ಟಾಸ್‌ವಿಡಿಯೋಸ್’ ಎಂದು ಹೆಸರಾಯಿತು. ಅಲ್ಲಿ ಕೃತಿಯನ್ನು ಸಲ್ಲಿಸುವವರು ಗುಂಡಿಗಳ ಪಟ್ಟಿಯನ್ನೂ, ಅದನ್ನು ಕಟ್ಟಿದ ಬಗೆಯ ವಿವರಣೆಯನ್ನೂ ಒಪ್ಪಿಸಬೇಕು. ನಿರ್ಣಾಯಕರು ಆ ಪಟ್ಟಿಯನ್ನು ತಮ್ಮಲ್ಲಿಯೇ ಮತ್ತೆ ನಡೆಸಿ ನೋಡುತ್ತಾರೆ. ಹಿಂದಿನ ಕೃತಿಗಳಿಗೂ, ನೆರವಿಲ್ಲದ ಆಟಗಾರರ ದಾಖಲೆಗಳಿಗೂ ಹೋಲಿಸುತ್ತಾರೆ. ಈಗಾಗಲೇ ತಿಳಿದಿರುವ ಒಂದು ಉಪಾಯವನ್ನು ಬಿಟ್ಟಿದ್ದರೆ ಕೃತಿ ತಿರಸ್ಕೃತವಾಗಬಹುದು. ದಣಿವಾಗಿತ್ತು, ಕೈ ನಡುಗಿತು ಎಂಬ ನೆಪ ಇಲ್ಲಿ ನಡೆಯದು. ಕಾಲವನ್ನೇ ನಿಲ್ಲಿಸಿ ಆಡುವವರಿಗೆ ಕೈತಪ್ಪಿನ ರಿಯಾಯಿತಿ ಎಲ್ಲಿಯದು?

ಎಲ್ಲ ಪ್ರಶ್ನೆಗಳೂ ಇಷ್ಟು ಸುಲಭವಲ್ಲ. ನಿಜವಾದ ನಿಯಂತ್ರಕದಲ್ಲಿ ದಿಕ್ಕಿನ ಗುಂಡಿ ಕೂಡುಗುರುತಿನ ಆಕಾರದ್ದು; ಎಡವನ್ನೂ ಬಲವನ್ನೂ ಒಟ್ಟಿಗೆ ಒತ್ತಲಾಗದು. ಪಟ್ಟಿಯಲ್ಲಿ ಎರಡನ್ನೂ ಒಟ್ಟಿಗೆ ಬರೆಯಬಹುದು. ಯಂತ್ರದ ವಿದ್ಯುನ್ಮಂಡಲ ಅದನ್ನು ಒಪ್ಪಿಕೊಳ್ಳುವುದರಿಂದ ನಿರ್ಣಾಯಕರೂ ಒಪ್ಪುತ್ತಾರೆ. ಆಟದ ದೋಷವೊಂದನ್ನು ಹಿಡಿದು ನೇರವಾಗಿ ಕೊನೆಯ ದೃಶ್ಯಕ್ಕೆ ಹಾರಿದರೆ ಅದನ್ನು ಏನೆನ್ನಬೇಕು? ಅದೂ ವೇಗವೇ; ಆದರೆ ನೋಡುವವನಿಗೆ ಆಟವೇ ಕಾಣುವುದಿಲ್ಲ. ಅಂಥವನ್ನು ಬೇರೆ ವರ್ಗದಲ್ಲಿ ಇರಿಸಿರುವುದು ಉಚಿತವಾಗಿಯೇ ಇದೆ. ಒಂದು ಕೃತಿ ನೋಡುವುದಕ್ಕೆ ಸೊಗಸಾಗಿದೆಯೇ ಎಂದು ಪ್ರೇಕ್ಷಕರ ಮತವನ್ನು ಕೇಳುವುದೂ ಉಂಟು. ಮೊರಿಮೊಟೊ ಅವರ ಕುಣಿತ ಹುಟ್ಟಿದ್ದು ಅಂಥ ಸೊಗಸಿಗಾಗಿಯೇ. ವೇಗದಲ್ಲಿ ಅವರ ಕೃತಿ ಎಂದೋ ಹಿಂದೆ ಬಿದ್ದಿದೆ. ಅದೇ ಆಟವನ್ನು ಅದೇ ಬಗೆಯಲ್ಲಿ ಹತ್ತೂವರೆ ನಿಮಿಷಕ್ಕೂ ಮೊದಲೇ ಮುಗಿಸುವ ಕೃತಿಗಳು ಬಂದಿವೆ.

ಮತ್ತೊಂದು ಸಂಶಯ ಎಮ್ಯುಲೇಟರಿನದು. ಅನುಕರಣೆಯಲ್ಲಿ ಲೋಪವಿದ್ದರೆ ಅಲ್ಲಿ ಸಾಧ್ಯವಾದದ್ದು ನಿಜವಾದ ಯಂತ್ರದಲ್ಲಿ ಸಾಧ್ಯವಾಗಲಾರದು. ಆದ್ದರಿಂದ ಕೆಲವರು ಪಟ್ಟಿಯಲ್ಲಿರುವ ಒತ್ತುಗಳನ್ನು ನಿಯಂತ್ರಕದ ತಂತಿಯ ಮೂಲಕ ಹಳೆಯ ಯಂತ್ರಕ್ಕೇ ಉಣಿಸುವ ಸಾಧನಗಳನ್ನು ನಿರ್ಮಿಸಿದರು. 2014ರ ಜನವರಿಯಲ್ಲಿ ಅಮೆರಿಕದ ಒಂದು ಸಹಾಯಾರ್ಥ ಆಟದ ಉತ್ಸವದಲ್ಲಿ ‘ಟಾಸ್‌ಬಾಟ್’ ಎಂಬ ಸಾಧನ ಸಭಿಕರ ಎದುರಿಗೇ ‘ಸೂಪರ್ ಮಾರಿಯೊ ವರ್ಲ್ಡ್’ ಆಟದ ಒಳಹೊಕ್ಕು, ಬರಿಯ ಗುಂಡಿಗಳ ಒತ್ತಿನಿಂದಲೇ ಯಂತ್ರದ ಸ್ಮೃತಿಯಲ್ಲಿ ಹೊಸ ಕ್ರಮವಿಧಿಯನ್ನು ಬರೆದು, ಅದರೊಳಗೆ ‘ಪಾಂಗ್’, ‘ಸ್ನೇಕ್’ ಎಂಬ ಬೇರೆ ಆಟಗಳನ್ನು ಮೂಡಿಸಿತು.

ಒಂದು ಆಟವನ್ನು ಎಷ್ಟು ಬೇಗ ಮುಗಿಸಬಹುದೆಂದು ತಿಳಿದರೆ, ಎಷ್ಟು ಬೇಗ ಮುಗಿಸಲಾಗದೆಂಬುದೂ ತಿಳಿಯುತ್ತದೆ. ಈ ವಿದ್ಯೆ ಒರೆಗಲ್ಲಾದದ್ದು ಇಲ್ಲಿ. 1980ರಲ್ಲಿ ಡೇವಿಡ್ ಕ್ರೇನ್ ಎಂಬವರು ರಚಿಸಿದ ‘ಡ್ರ್ಯಾಗ್‌ಸ್ಟರ್’ ಎಂಬ ಕಾರಿನ ಪಂದ್ಯದ ಆಟವನ್ನು ಅಮೆರಿಕದ ಆ್ಯಕ್ಟಿವಿಷನ್ ಸಂಸ್ಥೆ ಹೊರತಂದಿತು. ಅದು ಆರು ಸೆಕೆಂಡಿನೊಳಗೆ ಮುಗಿಯುವ ಆಟ. ಅದನ್ನು 5.51 ಸೆಕೆಂಡಿನಲ್ಲಿ ಮುಗಿಸಿದೆನೆಂದು 1982ರಲ್ಲಿ ಒಬ್ಬ ಆಟಗಾರರು ಹೇಳಿಕೊಂಡರು. ದಾಖಲೆ ಪುಸ್ತಕಗಳು ಅದನ್ನು ಒಪ್ಪಿದವು. ಮೂರು ದಶಕಗಳಿಗೂ ಮೀರಿ ಅದನ್ನು ಸರಿಗಟ್ಟಿದವರಿಲ್ಲ. 2017ರಲ್ಲಿ ಆಟದ ಕ್ರಮವಿಧಿಯನ್ನು ಬಿಡಿಸಿ ನೋಡಿದವರೊಬ್ಬರು, ಕಾರು ಮುಂದೆ ಸರಿಯುವ ಲೆಕ್ಕವನ್ನೆಲ್ಲ ಕೋಷ್ಟಕವಾಗಿ ಬರೆದರು. ಗೇರನ್ನು ಹೇಗೆ ಬದಲಿಸಿದರೂ, ಯಾವ ಫ್ರೇಮಿನಲ್ಲಿ ಒತ್ತಿದರೂ, ಬಂದ ಅತ್ಯಲ್ಪ ಕಾಲ 5.57. ಎಮ್ಯುಲೇಟರಿನಲ್ಲಿ ಕಟ್ಟಿದ ಆಟವೂ ಅಲ್ಲಿಯೇ ನಿಂತಿತು. ಆಟದ ಗಡಿಯಾರ ಸುಮಾರು ಮೂರು ಶತಾಂಶ ಸೆಕೆಂಡಿನ ಹೆಜ್ಜೆಗಳಲ್ಲಿ ಸಾಗುತ್ತದೆ, 5.57ಕ್ಕೂ 5.51ಕ್ಕೂ ಎರಡೇ ಹೆಜ್ಜೆಗಳ ಅಂತರ. ಆ ಎರಡು ಹೆಜ್ಜೆಗಳಿಗೆ ದಾರಿಯೇ ಇರಲಿಲ್ಲ.

2018ರ ಜನವರಿಯಲ್ಲಿ ದಾಖಲೆಗಳನ್ನು ಕಾಪಾಡುವ ಟ್ವಿನ್ ಗ್ಯಾಲಕ್ಸೀಸ್ ಸಂಸ್ಥೆ ಆ ಆಟಗಾರರ ಹೆಸರಿನ ದಾಖಲೆಗಳನ್ನೆಲ್ಲ ತೆಗೆದುಹಾಕಿತು. 5.57ರಲ್ಲಿ ಗುರಿ ಮುಟ್ಟಿದವರು, ಯಾವ ನೆರವೂ ಇಲ್ಲದೆ ತಮ್ಮ ಕೈಯಿಂದಲೇ ಮುಟ್ಟಿದವರು, ಹಲವರಿದ್ದಾರೆ.