ಮಗುವಿಗೆ ಮಾತು ತಡವೇ? ಬಜೆ ತೇಯುವ ಮೊದಲು ಕಿವಿ ತೋರಿಸಿ

ಅರಳಗುಪ್ಪೆ: ಮಗುವಿಗೆ ಒಂದೂವರೆ ವರ್ಷ ತುಂಬಿದರೂ ಮಾತು ಬರದಿದ್ದರೆ ಮನೆಗಳಲ್ಲಿ ಕೇಳಿಬರೋದು ಎರಡೇ ಸಲಹೆ. ‘ಬಜೆ ತೇಯ್ದು ನಾಲಿಗೆಗೆ ಹಚ್ಚಿ’, ಇಲ್ಲಾ ‘ಅವರಪ್ಪನೂ ಲೇಟಾಗೇ ಮಾತಾಡಿದ್ದು, ಬಿಡಿ’. ಎರಡರಲ್ಲೂ ಕಳೆದುಹೋಗುವುದು ಮಗುವಿನ ಸಮಯ. ಮಗು ಮಾತು ಕಲಿಯೋದು ಕಿವಿಯಿಂದ. ಸರಿಯಾಗಿ ಕೇಳಿಸದಿದ್ದರೆ ಬಜೆ ಎಷ್ಟು ತೇಯ್ದರೂ ಅಷ್ಟೇ.

ಕಿವಿಯ ದೋಷ ಮನೆಯವರಿಗೆ ಬೇಗ ಗೊತ್ತಾಗಲ್ಲ. ಹುಟ್ಟಿನಿಂದ ಕೇಳಿಸದ ಮಗುವೂ ಮೊದಲ ಕೆಲವು ತಿಂಗಳು ‘ಊಂ’, ‘ಆ’ ಎಂದು ದನಿ ಮಾಡುತ್ತೆ. ‘ತಟ್ಟೆ ಬಡಿದರೆ ತಿರುಗಿ ನೋಡ್ತಲ್ಲ’ ಅನ್ನೋ ಮನೆ ಪರೀಕ್ಷೆಯೂ ಸಾಲದು. ದೊಡ್ಡ ಸದ್ದು ಕೇಳಿಸುವ ಮಗುವಿಗೆ ಮಾತು ಸ್ಪಷ್ಟವಾಗಿ ಕೇಳಿಸದೇ ಇರಬಹುದು. ಕೂಸು ಮಲಗಿರುವಾಗಲೇ ಕಿವಿಗೆ ಪುಟ್ಟ ಉಪಕರಣ ಇಟ್ಟು ಕೆಲವೇ ನಿಮಿಷದಲ್ಲಿ ಮಾಡುವ ತಪಾಸಣೆ ಇದೆ. ಸೂಜಿ ಇಲ್ಲ, ನೋವಿಲ್ಲ. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷ ಖಚಿತ, 6 ತಿಂಗಳೊಳಗೆ ಚಿಕಿತ್ಸೆ ಶುರು ಅನ್ನೋದು ತಜ್ಞರ ಲೆಕ್ಕ.

ಸುಮಾರು 9 ತಿಂಗಳಿಗೆ ಹೆಸರು ಕರೆದರೆ ಮಗು ತಿರುಗಬೇಕು. ವರ್ಷದ ಹೊತ್ತಿಗೆ ಟಾಟಾ ಮಾಡಬೇಕು, ಅಮ್ಮನನ್ನೋ ಅಪ್ಪನನ್ನೋ ಕರೆಯಬೇಕು. 2 ವರ್ಷಕ್ಕೆ ‘ಹಾಲು ಬೇಕು’ ಥರ ಎರಡು ಪದ ಕೂಡಿಸಬೇಕು. ಸ್ವಲ್ಪ ಹಿಂದೆಮುಂದೆ ಆಗುತ್ತೆ. ಬಂದ ಮಾತೇ ನಿಂತುಹೋದರೆ ಮಾತ್ರ ಒಂದು ದಿನವೂ ಕಾಯಬಾರದು.

ಕಿವಿ ಸರಿ ಇದ್ದರೆ ಉಳಿದ ಕೆಲಸ ಮನೆಯವರದ್ದು. ಕೊಬ್ಬರಿ ಕೆಲಸದ ಗಡಿಬಿಡಿಯಲ್ಲಿ, ಅಂಗಡಿಯಲ್ಲಿ ಗಿರಾಕಿ ನಿಂತಾಗ ಮಗುವಿನ ಕೈಗೆ ಮೊಬೈಲ್ ಕೊಡೋದು ಈಗ ಮಾಮೂಲಿ. ಮೊಬೈಲು ಮಾತಾಡುತ್ತೆ ನಿಜ, ಆದರೆ ಮಗು ‘ಬ್ಬ’ ಅಂದರೆ ‘ಏನ್ ಪುಟ್ಟ, ಬೆಲ್ಲ ಬೇಕಾ?’ ಅಂತ ತಿರುಗಿ ಕೇಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಒಂದು ವರ್ಷದ ಮಗುವಿಗೆ ಮೊಬೈಲ್, ಟಿವಿ ಬೇಡವೇ ಬೇಡ, 2 ವರ್ಷಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು. ಬದಲಿಗೆ ಕೈಯಲ್ಲಿರುವ ಚಿಪ್ಪು, ಸೋಗೆ ತೋರಿಸಿ ಹೆಸರು ಹೇಳಿ, ಸ್ವಲ್ಪ ಹೊತ್ತು ಸುಮ್ಮನಿರಿ. ಮಗುವಿನ ಸರದಿ ಅದು. ಮನೆಯಲ್ಲಿ ತೆಲುಗೋ ಉರ್ದುವೋ ಆಡಿದರೆ ಕನ್ನಡ ತಡವಾಗುತ್ತೆ ಅನ್ನೋ ಭಯ ಬೇಡ.

ಅಂಗನವಾಡಿಗೆ ವರ್ಷಕ್ಕೆರಡು ಸಲ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಕಿವಿ, ಮಾತು ಎರಡನ್ನೂ ನೋಡುತ್ತೆ. ಅನುಮಾನವಿದ್ದರೆ ಅಲ್ಲಿವರೆಗೂ ಕಾಯದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಹೆಚ್ಚಿನ ತಪಾಸಣೆ, ಥೆರಪಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ. ಹೆರಿಗೆ, ಹುಟ್ಟಿದಾಗಿನ ತೂಕ, ಕಾಮಾಲೆ ಬಗ್ಗೆ ಮೊದಲು ಕೇಳ್ತಾರೆ.