ಮೃದುಜಲದ ಮತ್ಸ್ಯಾಗಾರ ಮತ್ತು ಸಸ್ಯಗಳ ಆಯ್ಕೆ

ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನೂ ಸಜೀವ ಸಸ್ಯಗಳನ್ನೂ ಒಟ್ಟಿಗೆ ಬಾಳಿಸುವ ಪದ್ಧತಿಗೆ ಶಾಸ್ತ್ರೀಯವಾದ ತಳಹದಿ ದೊರೆತುದು 19ನೆಯ ಶತಮಾನದ ನಡುಗಾಲದಲ್ಲಿ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್‌ಟನ್ 1850ರಲ್ಲಿ ಈ ವಿಷಯದ ತನ್ನ ಪ್ರಯೋಗವನ್ನು ವಿದ್ವಾಂಸರ ಮುಂದಿಟ್ಟನು. ಅವನ ತೊಟ್ಟಿಯಲ್ಲಿ ಇದ್ದುವು ಎರಡು ಹೊಂಬಣ್ಣದ ಮೀನು, ಕೆಲವು ಬಸವನಹುಳು ಮತ್ತು ವ್ಯಾಲಿಸ್ನೇರಿಯ ಎಂಬ ನೀರ್ಗಿಡ. ಮೀನು ಹೊರಬಿಟ್ಟ ಇಂಗಾಲದ ಡೈಆಕ್ಸೈಡನ್ನು ಗಿಡವು ಹೀರಿ, ಬೆಳಕಿನಲ್ಲಿ ಆಮ್ಲಜನಕವನ್ನು ಮರಳಿ ಕೊಡುವುದು. ಕೊಳೆತ ಎಲೆಯನ್ನು ಬಸವನಹುಳು ತಿನ್ನುವುದು. ಅಂದಿನ ಆ ಗಿಡವನ್ನೇ ಹೊಸಬರಿಗೆ ಇಂದಿಗೂ ಸೂಚಿಸುವುದುಂಟು. ಆದರೆ ಲಂಡನ್ನಿನದು ಸುಣ್ಣದಂಶ ಹೆಚ್ಚಾಗಿರುವ ಗಡಸು ನೀರು. ಒಂದು ಊರಿನ ನೀರಿನಲ್ಲಿ ಸಿದ್ಧವಾದ ಮಾತನ್ನು ಎಲ್ಲ ಊರುಗಳಿಗೂ ಅನ್ವಯಿಸುವ ಮುನ್ನ ನಾವು ವಿಚಾರಿಸಬೇಕಾಗುತ್ತದೆ.

ಮೃದುಜಲವೆಂದರೇನು? ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಅಲ್ಪವಾಗಿರುವ ನೀರು. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 60 ಮಿಲಿಗ್ರಾಂ ಮೀರದಿದ್ದರೆ ಅದನ್ನು ಮೃದುವೆಂದು ಎಣಿಸುವುದು ರೂಢಿ. ಅಂಥ ನೀರಿನಲ್ಲಿ ಸಾಬೂನು ಬೇಗ ನೊರೆಗಟ್ಟುತ್ತದೆ, ಬೇಳೆ ಬೇಗ ಬೇಯುತ್ತದೆ. ಮಳೆಯ ನೀರು ಮೃದು. ಗಟ್ಟಿ ಶಿಲೆಗಳ ಮೇಲೆ ಹರಿದು ಬರುವ ಮಲೆನಾಡಿನ ಹಳ್ಳಗಳ ನೀರೂ ಸಾಮಾನ್ಯವಾಗಿ ಮೃದು. ಬಯಲುಸೀಮೆಯ ಕೊಳವೆ ಬಾವಿಗಳದು ಬಹುಮಟ್ಟಿಗೆ ಗಡಸು.

ಈ ಭೇದವು ಸಸ್ಯದ ಆಹಾರಕ್ಕೆ ಸಂಬಂಧಿಸಿದುದು. ನೀರ್ಗಿಡಗಳಿಗೆ ಇಂಗಾಲವು ಬೇಕು. ವ್ಯಾಲಿಸ್ನೇರಿಯ, ಹೈಡ್ರಿಲ್ಲ ಮುಂತಾದುವು ಕರಗಿದ ಇಂಗಾಲದ ಡೈಆಕ್ಸೈಡಿನ ಜೊತೆಗೆ ಬೈಕಾರ್ಬೊನೇಟಿನಿಂದಲೂ ಅದನ್ನು ಪಡೆಯಬಲ್ಲುವು. ಗಡಸು ನೀರಿನಲ್ಲಿ ಬೈಕಾರ್ಬೊನೇಟು ಸಾಮಾನ್ಯವಾಗಿ ಹೇರಳ. ಮೃದುಜಲದಲ್ಲಿ ಅದು ವಿರಳವಾದುದರಿಂದ ಈ ಗಿಡಗಳಿಗಿದ್ದ ಅನುಕೂಲವು ಅಲ್ಲಿ ಇಲ್ಲವಾಗುತ್ತದೆ.

ಆದುದರಿಂದ ಮೃದುಜಲಕ್ಕೆ ಅಂಥ ನೀರಿಗೆ ಒಗ್ಗಿದ ಗಿಡಗಳನ್ನೇ ಆರಿಸುವುದು ಲೇಸು. ಮಂದ ಬೆಳಕಿನ ತೊಟ್ಟಿಗೆ ಶ್ರೀಲಂಕಾದ ಕ್ರಿಪ್ಟೊಕೊರೈನ್ ವೆಂಡ್ಟಿಯೈ, ಜಾವಾ ಜರೀಗಿಡ, ಜಾವಾ ಪಾಚಿ ಒಪ್ಪುವುವು. ಜರೀಗಿಡದ ಗೆಡ್ಡೆಯನ್ನು ಮರಳಿನಲ್ಲಿ ಹೂಳದೆ ಕಲ್ಲಿಗೋ ಮರದ ತುಂಡಿಗೋ ಕಟ್ಟಬೇಕು, ಹೂತರೆ ಕೊಳೆಯುವುದು. ಬೆಳಕು ಪ್ರಖರವಾಗಿದ್ದರೆ ದಕ್ಷಿಣ ಭಾರತದ್ದೇ ಆದ ಕೆಂಪೆಲೆಯ ರೊಟಾಲ ಮ್ಯಾಕ್ರಾಂಡ್ರವನ್ನು ಬೆಳೆಸಬಹುದು. ಆದರೆ ಬರಿಯ ಮಳೆನೀರು ಸಾಲದು. ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಅಲ್ಪ ಪ್ರಮಾಣದಲ್ಲಾದರೂ ಇರಬೇಕು.

ಇನ್ನೊಂದು ವಿಚಾರವನ್ನು ಹೇಳದಿದ್ದರೆ ಈ ವಿವೇಚನೆ ಅಪೂರ್ಣವಾದೀತು. ಅಮೆರಿಕಾ ಖಂಡದಿಂದ ಬಂದ ಕಬೊಂಬ ಎಂಬ ಅಂದದ ಗಿಡವು ಮೃದುವಾದ, ತುಸು ಹುಳಿಯ ನೀರಿನಲ್ಲಿ ಸೊಗಸಾಗಿ ಬೆಳೆಯುತ್ತದೆ. ಅದೇ ಗುಣದಿಂದ ಅದು ಕೇರಳದ ಜಲಾಶಯಗಳಲ್ಲಿಯೂ ಹಬ್ಬಿ ಕಳೆಯಾಗಿದೆ. ಹೂವಿನ ಚೆಲುವಿಗಾಗಿ ದಕ್ಷಿಣ ಅಮೆರಿಕದಿಂದ ತರಲ್ಪಟ್ಟ ಐಕಾರ್ನಿಯವು ನಮ್ಮ ಕೆರೆಗಳನ್ನು ಮುಚ್ಚಿದ ಬಗೆ ಎಲ್ಲರಿಗೂ ತಿಳಿದುದೇ. ತೊಟ್ಟಿಗೆ ಅತ್ಯಂತ ಯೋಗ್ಯವೆನಿಸುವ ಪರದೇಶದ ಗಿಡವೇ ಮಲೆನಾಡಿನ ಹಳ್ಳಕ್ಕೆ ಅತ್ಯಂತ ಅಪಾಯಕರವೂ ಆಗಬಹುದು. ಕತ್ತರಿಸಿದ ತುಂಡುಗಳನ್ನು ಒಣಗಿಸಿ ನಾಶಪಡಿಸಬೇಕೇ ಹೊರತು ಕೆರೆಗೆ ಎಸೆಯಬಾರದು. ಹಳ್ಳದಲ್ಲಿ ಸಹಜವಾಗಿ ಬೆಳೆದ ಗಿಡವನ್ನು ತೊಟ್ಟಿಗೆಂದು ಕೀಳುವುದೂ ಸಲ್ಲದು. ನೀರನ್ನು ಮೊದಲು ಅರಿತು, ಗಿಡವನ್ನು ಅನಂತರ ಆರಿಸುವುದೇ ನಮಗೆ ಯುಕ್ತವಾದ ಮಾರ್ಗ.